ಅಕ್ಕಿಕಾಳಿನ ಹೊತ್ತಿಗೆ ಪಿಯಾನೊ

ಚೀಲದಲ್ಲಿ ಚವಳಿಕಾಯಿ ಇಲ್ಲದಿದ್ದರೆ ಇಷ್ಟು ತೊಂದರೆಯಾಗುತ್ತಿರಲಿಲ್ಲ ಎಂದು ಹಳಿಯಾಳದ ಬಸ್ಸು ದಾಂಡೇಲಿ ದಾಟುವ ಮೊದಲೇ ವಿದ್ಯಾವತಿಗೆ ಅನ್ನಿಸತೊಡಗಿತು. ಎಲ್ಲಿಯಾದರೂ ಕೂತು ಕಾಯುವುದಿದೆ ಎಂದಾದರೆ ಸೋಸುವುದೊಂದನ್ನು ಜೊತೆಗೆ ಒಯ್ಯುವುದು ಅವಳ ರೂಢಿ. ರೇಶನ್ ಅಂಗಡಿಯ ಕಟ್ಟೆಯ ಮೇಲೆ ಬಳ್ಳೊಳ್ಳಿ ಸುಲಿದಿದ್ದಾಳೆ, ದವಾಖಾನೆಯ ಬೆಂಚಿನ ಮೇಲೆ ಮೆಂತೆಪಲ್ಯ ಬಿಡಿಸಿದ್ದಾಳೆ, ಮಗಳ ನಿಶ್ಚಯದ ದಿನ ಬೀಗರು ಬರುವುದು ತಡವಾದಾಗ ರೇಷ್ಮೆ ಸೀರೆಯಲ್ಲೇ ಕೂತು ಅರ್ಧ ಕಿಲೋ ಅವರೆಕಾಯಿ ಮುಗಿಸಿದ್ದಾಳೆ. ಇವತ್ತು ಬೆಳಿಗ್ಗೆಯೂ ಕೈ ತಾನಾಗಿಯೇ ಬುಟ್ಟಿಯಿಂದ ಎಳೆಯ ಚವಳಿಕಾಯಿ ಎತ್ತಿ ಚೀಲಕ್ಕೆ ಹಾಕಿಬಿಟ್ಟಿತ್ತು. ಮೇಲೆ ಮದುವೆಯ ಕಾರ್ಡು, ನಡುವೆ ಒಂದು ಡಬ್ಬಿ ಕರದಂಟು, ತಳದಲ್ಲಿ ಚವಳಿಕಾಯಿ. ಯಾರ ಎದುರಿಗೆ ಅದನ್ನು ತೆಗೆಯಬಾರದೋ ಅವರ ಮನೆಗೇ ಅದು ಅವಳ ತೊಡೆಯ ಮೇಲೆ ಕೂತು ಹೊರಟಿತ್ತು. ಕಿಟಕಿಯಿಂದ ಒಳ್ಳೆಯ ಗಾಳಿ ಬರುತ್ತಿತ್ತು. ಸಾಗವಾನಿ ಗಿಡಗಳ ನಡುವೆ ಬಿಸಿಲು ಪಟ್ಟೆಪಟ್ಟೆಯಾಗಿ ಬಿದ್ದಿತ್ತು. ಮಗಳ ಮದುವೆಗೆ ಕರೆಯಲು ಹೊರಟ ತಾಯಿಗೆ ಇರಬೇಕಾದಷ್ಟು ಹಗುರ ಅವಳಿಗೂ ಇತ್ತು, ಆ ಒಂದು ಪಾವು ಚವಳಿಕಾಯಿಯಷ್ಟು ಕಡಿಮೆ.

ಹನ್ನೆರಡು ದಿನಕ್ಕೆ ಪೂರ್ಣಿಮಾಳ ಮದುವೆ. ಮೌಳಂಗಿಯ ಹತ್ತಿರ ಹೊಳೆ ದಂಡೆಯ ಒಂದು ರೆಸಾರ್ಟಿನಲ್ಲಿ ಅವಳು ರಿಸೆಪ್ಶನ್ ನೋಡಿಕೊಳ್ಳುತ್ತಾಳೆ. ಹುಡುಗ ಮೌನೇಶ ಅಲ್ಲಿಯೇ ಹೊಳೆಯಲ್ಲಿ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕೂಡಿಸಿಕೊಂಡು ಹೋಗುವವನು. ಮಾಲಕರು ಹಾಲನ್ನು ಬಾಡಿಗೆಯಿಲ್ಲದೆ ಕೊಟ್ಟಿದ್ದರು. ಒಂದೇ ಷರತ್ತು: ಸುತ್ತ ಕಾಡು, ಹಕ್ಕಿಗಳು ಗೂಡು ಕಟ್ಟುವ ಕಾಲ, ಬಾಜಾಬಜಂತ್ರಿ ಇಲ್ಲ, ಮೈಕು ಇಲ್ಲ. ಪೂರ್ಣಿಮಾ ಇದನ್ನು ಮನೆಯಲ್ಲಿ ಹೇಳಿದ ಸಂಜೆ ಅತ್ತೆ ಯಲ್ಲವ್ವ ಎಲೆಯಡಿಕೆ ಕುಟ್ಟುತ್ತಿದ್ದ ಕೈ ನಿಲ್ಲಿಸಿ, "ಹಂಗಾರ ಅಕ್ಕಿಕಾಳು ಯಾವಾಗ ಹಾಕೂದು?" ಎಂದು ಕೇಳಿದ್ದರು. ಪ್ರಶ್ನೆ ಸರಿಯಾಗಿಯೇ ಇತ್ತು. ಮಂಗಳಾಷ್ಟಕ ಮುಗಿಯುವುದು ಮುಂದಿನ ಎರಡು ಸಾಲಿಗಷ್ಟೇ ಕೇಳುತ್ತದೆ. ಉಳಿದವರು ಮುಷ್ಟಿಯಲ್ಲಿ ಅಕ್ಷತೆಯ ಅಕ್ಕಿಕಾಳು ಹಿಡಿದುಕೊಂಡು, ಮಾತಾಡಿಕೊಂಡು ನಿಂತಿರುತ್ತಾರೆ. ಬಜಂತ್ರಿ ಒಮ್ಮೆಲೇ ಹೊಡೆದಾಗ ಎಲ್ಲರ ಮುಷ್ಟಿ ಬಿಚ್ಚುತ್ತದೆ. ಆ ಸದ್ದಿಲ್ಲದಿದ್ದರೆ ಇನ್ನೂರು ಮಂದಿ ಮುಷ್ಟಿ ಬಿಗಿಹಿಡಿದೇ ಊಟಕ್ಕೆ ಹೋಗಬೇಕಾದೀತು.

"ಪಿಯಾನೊ ಐತಿ ಆಯಿ," ಎಂದಿದ್ದಳು ಪೂರ್ಣಿಮಾ. "ಊಟದ ಹಾಲಿನ್ಯಾಗ. ಗೋವಾದಿಂದ ಅನಮೋಡ ಘಾಟ ಹತ್ತಿಸಿ ತಂದದ್ದು. ಅದನ್ನ ಮೈಕ್ ಇಲ್ಲದ ಬಾರಸಬಹುದು."

"ಪಿಯಾನೊ ಅಂದ್ರ ಆ ಹಲ್ಲಿನ ಪೆಟ್ಟಿಗಿ ಏನ?"

"ಹ್ಞೂಂ, ಅದ."

"ಅದರ ಸದ್ದು ಸೀನಿದ್ರ ಮುಚ್ಚತೈತೇನ? ಅಕ್ಕಿಕಾಳು ಬೀಳೂ ಹೊತ್ತಿನ್ಯಾಗ ಯಾರರ ಸೀನಿದ್ರ, ಕೆಟ್ಟ ಮಾತಾಡಿದ್ರ ಕೇಳಬಾರ್ದು. ಅದಕ್ಕ ಬಜಂತ್ರಿ ಇರೂದು. ನಿಮ್ಮಪ್ಪನ ಲಗ್ನದಾಗ ನಮ್ಮ ಬೀಗ ಎಂಟು ಸರ್ತಿ ಸೀನಿದ್ದ, ಒಂದೂ ಕೇಳಲಿಲ್ಲ."

"ಕೇಳಲಿಲ್ಲಂದ್ರ ಎಂಟು ಅಂತ ಹೆಂಗ ಎಣಿಸಿದಿ ಬೇ?" ಎಂದು ವಿದ್ಯಾವತಿಯ ಗಂಡ ಪುಂಡಲೀಕ ಮಿಲ್ಲಿನ ಎರಡನೇ ಪಾಳಿಗೆ ಹೊರಡುತ್ತ ಬೂಟು ಕಟ್ಟಿಕೊಳ್ಳುತ್ತಲೇ ಕೇಳಿದ. ಮೌನೇಶನನ್ನು ಫೋನಿನಲ್ಲಿ ಕೇಳಿದರೆ ಅವನು, "ನನಗ ಯಾವುದಾದ್ರೂ ಆಗತೈತ್ರಿ ಅತ್ತಿ, ಹೊಳಿ ಸಪ್ಪಳದಾಗ ನನ್ನ ಕಿವಿ ಅರ್ಧ ಹೋಗ್ಯಾವ," ಎಂದಿದ್ದ. ಎಲ್ಲರೂ ನಕ್ಕರು. ವಿದ್ಯಾವತಿಯೂ ನಕ್ಕಳು. ಆಗ ಪೂರ್ಣಿಮಾ, ಎಷ್ಟೋ ದಿನದಿಂದ ಬಾಯಲ್ಲಿಟ್ಟುಕೊಂಡದ್ದನ್ನು ಕೆಳಗಿಡುವವಳ ಹಾಗೆ, "ರೀಟಾ ಟೀಚರ್ ಬಾರಿಸಿದ್ರ ಛಲೋ ಆಗತಿತ್ತು," ಎಂದಳು. ಸ್ವಲ್ಪ ಬಿಟ್ಟು, "ಅವ್ವಾ, ನೀನ ಹೋಗಿ ಕೇಳ. ಯಾವುದು ಬಾರಿಸಬೇಕಂತ ನೀನ ಆರಿಸಿ ಬಾ. ನಾ ಫೋನ್ ಮಾಡಿದ್ರ ಟೀಚರ್ ನಕ್ಕಾರು. ಕೈಯಾಗ ತಾಳ ಇಲ್ಲದಾಕಿ ಈಗ ಪಿಯಾನೊ ಕೇಳಾಕತ್ತಾಳ ಅಂತ."

ಕೈಯಲ್ಲಿ ತಾಳ ಇಲ್ಲ. ಈ ಮಾತು ಪೂರ್ಣಿಮಾಳ ಬಾಯಲ್ಲಿ ಈಗ ಎಷ್ಟು ನಯವಾಗಿಬಿಟ್ಟಿದೆ ಎಂದರೆ ಅವಳು ಅದನ್ನು ತನ್ನ ಎತ್ತರ, ಬಣ್ಣ ಹೇಳಿದಷ್ಟೇ ಸಲೀಸಾಗಿ ಹೇಳುತ್ತಾಳೆ. ಗೆಳತಿಯರ ಮದುವೆಯ ಮೆರವಣಿಗೆಯಲ್ಲಿ ಕುಣಿಯಲು ಎಳೆದರೆ ನಗುತ್ತ ಹಿಂದೆ ಸರಿಯುತ್ತಾಳೆ. ಭಜನೆಗೆ ಕೂತರೆ ಎಲ್ಲರ ಚಪ್ಪಾಳೆಯ ನಡುವೆ ಅವಳ ಎರಡು ಅಂಗೈಗಳು ಮಾತ್ರ ಮಡಿಲಲ್ಲಿ ಒಂದರ ಮೇಲೊಂದು ಮಲಗಿರುತ್ತವೆ. ಆ ಕೈಗಳನ್ನು ಕಂಡಾಗಲೆಲ್ಲ ವಿದ್ಯಾವತಿಗೆ ಎದ್ದು ಹೋಗಿ ಹಾಲಿನ ಪಾತ್ರೆ ನೋಡಿ ಬರಬೇಕೆನಿಸುತ್ತದೆ. ಏಕೆಂದರೆ ರೀಟಾ ಟೀಚರ್ ಆ ಮಾತನ್ನು ಎಂದೂ ಆಡಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಒಂದು ಶನಿವಾರ, ಒಗೆದ ಬಟ್ಟೆ ಮಡಚುತ್ತ, ಅದನ್ನು ಹೇಳಿದವಳು ವಿದ್ಯಾವತಿ. ಮಗಳಿಗೆ, "ಟೀಚರ್ ಅಂದ್ರು, ನಿನ್ನ ಕೈಯಾಗ ತಾಳ ನಿಲ್ಲೂದಿಲ್ಲಂತ. ಇನ್ನ ಬರೂದು ಬ್ಯಾಡಂತ." ಸೋಮವಾರ ಟೀಚರಿಗೆ, ಶಾಲೆಯ ಗೇಟಿನ ಹತ್ತಿರ, "ಪೂರ್ಣಿಮಾಗ ಬ್ಯಾಸರ ಬಂದೈತ್ರಿ. ಒಲ್ಲೆ ಅಂತಾಳ." ಎರಡು ಕಡೆ ಎರಡು ವಾಕ್ಯ. ಇಬ್ಬರೂ ಮರ್ಯಾದಸ್ಥರು, ತಿರುಗಿ ಕೇಳಲಿಲ್ಲ. ಅತ್ತೆಯೂ ಕಾರಣ ಕೇಳಲಿಲ್ಲ. ಓಣಿಯವರು ಮಾತ್ರ ತಮಗೆ ಬೇಕಾದ ಕಾರಣವನ್ನು ತಾವೇ ಇಟ್ಟುಕೊಂಡರು: ಟೀಚರ್ ಸಿದ್ದಿ ಜಾತಿಯಾಕಿ, ಮಗಳನ್ನ ಎಷ್ಟು ದಿನ ಕಳಸತಾರ. ವಿದ್ಯಾವತಿ ಹೌದು ಅನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ.

ಕಾರಣ ಚವಳಿಕಾಯಿಯಾಗಿತ್ತು. ಇದನ್ನು ಯಾರಿಗೆ ಹೇಳಲಿಕ್ಕಾಗುತ್ತದೆ? ಶನಿವಾರ ಮಧ್ಯಾಹ್ನ ಶಾಲೆಯ ಹಾಲಿನಲ್ಲಿ ಪಿಯಾನೊ ಪಾಠ. ಹುಡುಗಿ ಒಬ್ಬಳೇ ಬರಬಾರದೆಂದು ವಿದ್ಯಾವತಿ ಜೊತೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂಡುತ್ತಿದ್ದಳು. ಮುಂದೆ ಎರಡು ಬೆನ್ನು, ಒಂದು ಸಣ್ಣದು, ಒಂದು ದೊಡ್ಡದು. ಮಗಳು ಒಂದು ಸಾಲು ಸರಿಯಾಗಿ ಬಾರಿಸಿದರೆ ತಟ್ಟನೆ ಟೀಚರರ ಮುಖ ನೋಡುವಳು. ಅವಳನ್ನು ಹೆತ್ತವಳು, ಅವಳ ಜಡೆ ಹೆಣೆದವಳು, ಬೆಳಿಗ್ಗೆ ಅವಳ ಸಾಕ್ಸು ಹುಡುಕಿಕೊಟ್ಟವಳು ಹಿಂದೆ ಕೂತಿದ್ದಾಳೆಂಬುದು ಆ ಸಣ್ಣ ಬೆನ್ನಿಗೆ ಗೊತ್ತೇ ಇಲ್ಲ. ಒಂದು ದಿನ ವಿದ್ಯಾವತಿ ಎಂದಿನ ಹಾಗೆ ಚವಳಿಕಾಯಿ ಮುರಿಯುತ್ತಿದ್ದಳು. ಚಟ್, ಚಟ್. ರೀಟಾ ಟೀಚರ್ ತಿರುಗಿ, ಬಹಳ ಮೆತ್ತಗೆ, "ಪೂರ್ಣಿಮಾನ ಅವ್ವಾರ, ಅದೊಂದು ಈಗ ಬ್ಯಾಡ್ರಿ," ಎಂದರು. ಅಷ್ಟೇ. ಬಾಗಿಲಲ್ಲಿ ನಿಂತಿದ್ದ ಇನ್ನಿಬ್ಬರು ಹುಡುಗಿಯರು ನಕ್ಕರು. ವಿದ್ಯಾವತಿ ಮುರಿದದ್ದನ್ನೂ ಮುರಿಯದ್ದನ್ನೂ ಕೂಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳು. ಉಳಿದ ಅರ್ಧ ತಾಸು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದಳು. ಈಗಲೂ ಬಸ್ಸಿನಲ್ಲಿ ಅದೇ ಆಯಿತು. ಬಲಗೈ ಚೀಲದೊಳಗೆ ಹೋಗಿ ಒಂದು ಕಾಯಿಯ ತೊಟ್ಟು ಹಿಡಿದಿತ್ತು. ಅವಳು ಆ ಕೈಯನ್ನು ಹೊರಗೆಳೆದು ಕಿಟಕಿಯ ಸರಳಿನ ಮೇಲಿಟ್ಟಳು.

ರೀಟಾ ಟೀಚರರ ಮನೆ ಹಳಿಯಾಳದ ಇಗರ್ಜಿಯ ಹಿಂದಿನ ಓಣಿಯಲ್ಲಿತ್ತು. ಮುಂದಿನ ಕೋಣೆಯ ಅರ್ಧ ಪಿಯಾನೊ, ಉಳಿದರ್ಧದಲ್ಲಿ ಎರಡು ಕುರ್ಚಿ ಮತ್ತು ಒಂದು ಬೆಕ್ಕು. ಟೀಚರರ ಗುಂಗುರು ಕೂದಲು ಕಿವಿಯ ಹತ್ತಿರ ಬೆಳ್ಳಗಾಗಿತ್ತು, ಬೆನ್ನು ಮಾತ್ರ ಹಾಗೆಯೇ ನೆಟ್ಟಗೆ. ಕಾರ್ಡನ್ನು ಎರಡು ಕೈಯಿಂದ ತೆಗೆದುಕೊಂಡರು. "ನಮ್ಮ ಪೂರ್ಣಿಮಾ," ಎಂದರು. ಆಮೇಲೆ ತಿದ್ದಿಕೊಂಡವರಂತೆ, "ನಿಮ್ಮ ಪೂರ್ಣಿಮಾ," ಎಂದರು. ಚಹಾ ಬಂತು. ವಿದ್ಯಾವತಿ ಬಂದ ಕೆಲಸ ಹೇಳಿದಳು: ಬಜಂತ್ರಿ ಇಲ್ಲದಿರುವುದು, ಅತ್ತೆಯ ಪ್ರಶ್ನೆ, ಎಂಟು ಸೀನು. ಟೀಚರ್ ನಕ್ಕರು. ಇನ್ನೂರು ಮಂದಿಯ ಮುಷ್ಟಿ ಬಿಚ್ಚಿಸುವ ಸಂಗೀತ ಬೇಕು ಎಂಬುದು ಅವರಿಗೆ ಬಹಳ ಇಷ್ಟವಾಯಿತು. "ಇಗರ್ಜಿ ಒಳಗ ಎಲ್ಲಾರೂ ಯಾವಾಗ ಏಳಬೇಕು, ಯಾವಾಗ ಕೂಡಬೇಕು ಅಂತ ನಾನ ಹೇಳೂದು, ಬಟ್ಟಲೇ," ಎಂದು ಬೆರಳು ತೋರಿಸಿದರು. "ಇದೂ ಹಂಗ ಆತು. ಬರ್ರಿ, ನೋಡೂಣು."

ಮೊದಲನೆಯದು ಬಹಳ ಚೆನ್ನಾಗಿತ್ತು. ಇಸ್ತ್ರಿ ಮಾಡಿದ ಸೀರೆಯನ್ನು ಯಾರೋ ನಿಧಾನವಾಗಿ ಬಿಚ್ಚುತ್ತ ಹೋದ ಹಾಗೆ, ಒಂದು ಸುಕ್ಕಿಲ್ಲ. ವಿದ್ಯಾವತಿ ಕಣ್ಣು ಮುಚ್ಚಿ ಹಾಲನ್ನು ಕಲ್ಪಿಸಿಕೊಂಡಳು. ಎಲ್ಲರೂ ಅಕ್ಕಿಕಾಳು ಹಿಡಿದು ಕೇಳುತ್ತ ನಿಂತಿದ್ದಾರೆ. ಇನ್ನೂ ನಿಂತಿದ್ದಾರೆ. ಅಕ್ಕಿಯ ಅರಿಶಿನ ಬೆವರಿಗೆ ಅಂಗೈಗೆ ಹತ್ತುತ್ತಿದೆ. "ಇದರಾಗ ಎಲ್ಲೆ ಹಾಕೂದ್ರಿ?" ಎಂದು ಕೇಳಿದಳು. ಟೀಚರ್ ತಲೆಯಾಡಿಸಿ ಎರಡನೆಯದು ಬಾರಿಸಿದರು. ಅದು ಶಾಲೆ ಬಿಟ್ಟಂತೆ ಇತ್ತು. ಮೊದಲ ಪೆಟ್ಟಿಗೇ ಎಲ್ಲರೂ ಅಕ್ಕಿಕಾಳು ಎಸೆದು ಖಾಲಿ ಕೈಯಲ್ಲಿ ನಿಲ್ಲುವಂಥದು. "ಅಕ್ಕಿಕಾಳು ಎಲ್ಲಾ ಬಿದ್ದು ಹೋಗತಾವ್ರಿ, ತಾಳಿ ಕಟ್ಟೂಕಿಂತ ಮುಂಚೆನ," ಎಂದಳು ವಿದ್ಯಾವತಿ. ಹಾಗೆ ಹೇಳಿದ ಮೇಲೆ ತನಗೆ ಇದು ಗೊತ್ತಿದೆಯಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು. ಈ ಪೆಟ್ಟಿಗೆಯ ಎದುರು ತನಗೂ ಹೇಳುವುದೊಂದಿದೆ. ಹನ್ನೊಂದು ವರ್ಷದ ಹಿಂದೆ ಹಿಂದಿನ ಬೆಂಚಿನಿಂದ ಎದ್ದು ಮುಂದೆ ಬಂದು ಕೂತಿದ್ದರೆ ಏನಾಗುತ್ತಿತ್ತು? ಟೀಚರ್ ಬೈಯುತ್ತಿದ್ದರೇ? ಬೈಯುವ ಹೆಂಗಸಲ್ಲ ಇದು.

"ಕೈಯಾಗ ಏನರ ಹಿಡಕೊಂಡ ಕೂಡ್ರಿ," ಎಂದರು ಟೀಚರ್. "ಬರೇ ಕಿವಿಲೇ ತಿಳಿಯೂದಿಲ್ಲ. ನಿಮ್ಮ ಮುಷ್ಟಿ ಯಾವಾಗ ಬಿಚ್ಚತೈತಿ ಅಂತ ನೋಡೂಣು. ಅಕ್ಕಿ ತರಲೇನು?" "ಬ್ಯಾಡ್ರಿ, ಐತಿ," ಎಂದು ವಿದ್ಯಾವತಿ ಚೀಲಕ್ಕೆ ಕೈ ಹಾಕಿದಳು. ಹೊರಗೆ ಬಂದ ಮೇಲೆಯೇ ಮುಷ್ಟಿಯಲ್ಲಿ ಇದ್ದದ್ದು ಏನೆಂದು ಅವಳಿಗೆ ಹೊಳೆದದ್ದು. ಹಸಿರು ತುದಿಗಳು ಬೆರಳ ಸಂದಿಯಿಂದ ಇಣುಕುತ್ತಿದ್ದವು. ಬೆಕ್ಕು ಎದ್ದು ಬಂದು ಮೂಸಿತು.

ರೀಟಾ ಟೀಚರ್ ಅದನ್ನು ನೋಡಿದರು. ಅವಳನ್ನು ನೋಡಿದರು. ಆಮೇಲೆ ಮುಖವನ್ನೆಲ್ಲ ಬಿಟ್ಟುಕೊಟ್ಟು ನಕ್ಕರು. "ಇನ್ನೂ ಚವಳಿಕಾಯಿ! ಅಯ್ಯ ಅವ್ವಾರ, ಆ ದಿನ ನಾ ನಿಮಗ ಬ್ಯಾಡಂದೆ, ನೆನಪೈತೇನು? ಮನಸಿಗೆ ಹಚ್ಚಿಕೊಂಡಿದ್ರೋ ಏನೋ. ನನಗ ಎಷ್ಟೋ ದಿನ ಕೆಟ್ಟನಿಸಿತ್ತು. ಏನ ಮಾಡ್ಲಿ, ಆಕಿ ನನ್ನ ಎಣಿಕಿ ಕೇಳವಲ್ಲಳು. ನಾ ಒಂದು-ಎರಡು-ಮೂರು ಅಂತಿದ್ದೆ, ಆಕಿ ಬೆರಳು ನಿಮ್ಮ ಚವಳಿಕಾಯಿ ಹಿಂದ ಹೋಗತಿದ್ದವು. ನೀವು ಜೋರ ಮುರದ್ರ ಆಕಿ ಜೋರು. ನೀವು ಹುಳಕ ನೋಡಾಕ ನಿಂತ್ರ ಆಕೀನೂ ನಿಂತ ಬಿಡಾಕಿ. ನಾ ಮುಂದ ಕೂತು ಕೂತು ಸಾಕಾಗಿ, ಈ ಹುಡುಗಿ ಕಿವಿ ಎಲ್ಲಾ ಹಿಂದಿನ ಬೆಂಚಿಗೆ ಐತಿ ಅಂದ್ಕೊಂಡೆ."

ವಿದ್ಯಾವತಿಯ ಮುಷ್ಟಿ ಬಿಚ್ಚಲಿಲ್ಲ. ಆ ಸಣ್ಣ ಬೆನ್ನು ಅವಳಿಗೆ ಈಗ ಮತ್ತೆ ಕಂಡಿತು, ಬಿಳಿ ರಿಬ್ಬನ್ನಿನ ಎರಡು ಜಡೆ, ಎಡಗಡೆಯದು ಸ್ವಲ್ಪ ಓರೆ. ಅದು ತನ್ನನ್ನು ಮರೆತು ಕೂತ ಬೆನ್ನೆಂದು ಇಷ್ಟು ವರ್ಷ ತಿಳಿದಿದ್ದಳು. ಅದು ಬೆನ್ನಿನಿಂದಲೇ ಕೇಳುತ್ತಿತ್ತು. ಒಂದು ಸಾಲು ಮುಗಿದಾಗ ಟೀಚರರ ಮುಖ ನೋಡುತ್ತಿದ್ದುದು ಕ್ಷಮೆ ಕೇಳಲಿಕ್ಕಿದ್ದಿರಬೇಕು, ಎಣಿಕೆ ತಪ್ಪಿತು ಎಂದು. ಚಹಾದ ಕಪ್ಪಿನ ಮೇಲೆ ಕೆನೆ ಕಟ್ಟಿತ್ತು. ಇಲ್ಲಿಯೇ ಸುಮ್ಮನಿದ್ದುಬಿಡಬಹುದು ಎಂದು ಅವಳಿಗೆ ಸ್ಪಷ್ಟವಾಗಿ ಹೊಳೆಯಿತು. ಟೀಚರ್ ಒಪ್ಪಿದ್ದಾರೆ, ಸಂಗೀತ ಸಿಗುತ್ತದೆ, ಮದುವೆ ಮುಗಿಯುತ್ತದೆ. ಯಾರೂ ಏನೂ ಕೇಳಿಲ್ಲ. ಆದರೆ ಮದುವೆಯ ದಿನ ಪೂರ್ಣಿಮಾ ಪಿಯಾನೊದ ಹತ್ತಿರ ಬಂದು ಆ ನಯವಾದ ಮಾತನ್ನು ನಗುತ್ತ ಹೇಳುತ್ತಾಳೆ. ಈ ಹೆಂಗಸು ಏನೆಂದು ಉತ್ತರ ಕೊಡಬೇಕು? ವಿದ್ಯಾವತಿ ಬೆಕ್ಕಿನ ಕಡೆ ನೋಡುತ್ತ ಹೇಳಿದಳು: "ಆಕಿಗೆ ಬ್ಯಾಸರ ಬಂದಿರಲಿಲ್ರಿ ಟೀಚರ್. ನಾ ಸುಳ್ಳ ಹೇಳಿದ್ದೆ. ಆಕಿಗೂ ಹೇಳಿದ್ದೆ, ನಿನ್ನ ಕೈಯಾಗ ತಾಳ ಇಲ್ಲಂತ ಟೀಚರ್ ಅಂದ್ರು ಅಂತ."

ರೀಟಾ ಟೀಚರ್ ಪಿಯಾನೊದ ಮೇಲೆ ಬಿದ್ದಿದ್ದ ಬೆಕ್ಕಿನ ಒಂದು ಕೂದಲನ್ನು ತೆಗೆದು ಸೀರೆಗೆ ಒರೆಸಿಕೊಂಡರು. "ಹನ್ನೊಂದು ವರ್ಷ," ಎಂದರು. "ನಾ ಏನೇನೋ ತಿಳ್ಕೊಂಡಿದ್ದೆ. ಕೆಲವೊಂದು ನಿಮ್ಮ ಮುಂದ ಹೇಳಾಕ ಬರೂದಿಲ್ಲ."

"ಅದಲ್ರಿ ಟೀಚರ್. ಅದು ಅಲ್ಲ." ಓಣಿಯವರಿಗೆ ಹೇಳಬೇಕಾಗಿದ್ದ ಮಾತು. ಎಷ್ಟು ಸಣ್ಣದು. ಬಾಯಿಂದ ಬೀಳಲು ಒಂದು ಉಸಿರೂ ಬೇಕಾಗಲಿಲ್ಲ. "ಚವಳಿಕಾಯಿ ಸಲವಾಗಿ."

ಸಿಟ್ಟಾಗಬೇಕೋ ಬೇಡವೋ ಎಂದು ಟೀಚರರ ಮುಖದಲ್ಲಿ ಏನೋ ತೂಗಾಡಿ, ಕೊನೆಗೆ ಸಿಟ್ಟಿನ ಕಡೆಗೇ ನಿಂತಿತು, ಸ್ವಲ್ಪ ನಗು ಉಳಿಸಿಕೊಂಡು. "ಇದನ್ನ ಯಾರ ಮುಂದ ಹೇಳ್ಳಿ ನಾ," ಎಂದು ಪಿಯಾನೊದ ಕಡೆ ತಿರುಗಿದರು. "ಮುಷ್ಟಿ ಗಟ್ಟಿ ಹಿಡೀರಿ. ಮೂರನೇದು."

ಮೂರನೆಯದು ಮೆಟ್ಟಿಲು ಇಳಿಯುತ್ತ ಬಂತು, ಒಂದೊಂದಾಗಿ, ಗಡಿಬಿಡಿಯಿಲ್ಲದೆ. ನಡುವಿನಲ್ಲಿ ಏನೋ ಮರೆತವರ ಹಾಗೆ ನಿಂತಿತು. ಪೂರ್ತಿ ನಿಂತಿತು, ಓಣಿಯಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ಅವಳು ಉಸಿರು ಹಿಡಿದಳು. ಆಮೇಲೆ ಎರಡೂ ಕೈ ಒಮ್ಮೆಲೇ ಬಿದ್ದವು, ಕೋಣೆಯ ಕಿಟಕಿ ನಡುಗುವಷ್ಟು. ವಿದ್ಯಾವತಿ ಕೆಳಗೆ ನೋಡಿದರೆ ಚವಳಿಕಾಯಿ ಎಲ್ಲ ನೆಲದ ಮೇಲಿತ್ತು, ಒಂದೆರಡು ಪಿಯಾನೊದ ಮೇಲೆ, ಒಂದು ಬೆಕ್ಕಿನ ಬೆನ್ನಿನ ಮೇಲೆ.

"ಇದ," ಎಂದಳು.

"ಇದ," ಎಂದರು ಟೀಚರ್. ಬಾಗಿ ಒಂದೊಂದೇ ಕಾಯಿ ಆರಿಸಿ ಅವಳ ಚೀಲಕ್ಕೆ ಹಾಕುತ್ತ ಹೇಳಿದರು, "ಆದ್ರ ನೀವು ಕರದ್ರ ನಾ ಬರೂದಿಲ್ಲ. ಆಕಿ ಫೋನ್ ಮಾಡ್ಲಿ. ಎಲ್ಲಾ ತಿಳಕೊಂಡ ಮಾಡ್ಲಿ."

ಬಸ್ಸಿನಲ್ಲಿ ಬರುತ್ತ ಅವಳು ಆ ಮಾತನ್ನು ಹತ್ತು ರೀತಿಯಲ್ಲಿ ಕಟ್ಟಿದಳು. ಮದುವೆ ಮುಗಿದ ಮೇಲೆ ಹೇಳಿದರಾಯಿತು ಎನ್ನುವ ಹಾದಿಯನ್ನು ಟೀಚರ್ ಮುಚ್ಚಿಬಿಟ್ಟಿದ್ದರು. ಅದಕ್ಕೆ ಅವರ ಮೇಲೆ ಕೋಪ ಬಂತು, ಊರು ಮುಟ್ಟುವ ಹೊತ್ತಿಗೆ ಇಳಿಯಿತು. ಸಂಜೆ ಐದಕ್ಕೆ ಪೂರ್ಣಿಮಾ ಕೆಲಸದಿಂದ ಬಂದು, ಕೈಕಾಲು ತೊಳೆದು, ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು, ತಾಯಿಯ ಎದುರಿನ ಮೊರದಿಂದ ತಾನೂ ಒಂದು ಹಿಡಿ ಚವಳಿಕಾಯಿ ತೆಗೆದುಕೊಂಡಳು. ಯಲ್ಲವ್ವ ಗೋಡೆಗೆ ಒರಗಿ ಮುರಿದ ತೊಟ್ಟುಗಳನ್ನು ಒಟ್ಟು ಮಾಡುತ್ತಿದ್ದರು. "ಏನಂದ್ರು? ನಕ್ಕರೇನು?" ಎಂದು ಪೂರ್ಣಿಮಾ ಕೇಳಿದಳು. ಹತ್ತು ರೀತಿಯಲ್ಲಿ ಕಟ್ಟಿದ್ದರಲ್ಲಿ ಒಂದೂ ನೆನಪಾಗಲಿಲ್ಲ. ಬಟ್ಟೆ ಮಡಚುತ್ತ ಹೇಳಿದ್ದನ್ನು ವಿದ್ಯಾವತಿ ಚವಳಿಕಾಯಿ ಮುರಿಯುತ್ತ ಹಿಂದೆ ತೆಗೆದುಕೊಂಡಳು. ತಾಳ ಇಲ್ಲವೆಂದು ಯಾರೂ ಹೇಳಿರಲಿಲ್ಲ, ತಾನೇ ಹೇಳಿದ್ದು. ಯಾಕೆ ಎಂಬುದನ್ನೂ ಹೇಳಿದಳು. ಬಾಗಿಲಲ್ಲಿ ನಕ್ಕ ಹುಡುಗಿಯರವರೆಗೆ. ಟೀಚರ್ ಈಗ ಹೇಳಿದ್ದನ್ನೂ, ಬೆರಳು ಯಾರ ಹಿಂದೆ ಹೋಗುತ್ತಿದ್ದವೆಂಬುದನ್ನೂ ಹೇಳಿದಳು. ಹೇಳುವಾಗ ಮಾತ್ರ ಅದು ಉಡುಗೊರೆಯ ಹಾಗೆ ಕೇಳಬಾರದೆಂದು ದನಿ ತಗ್ಗಿಸಿಕೊಂಡಳು.

ಪೂರ್ಣಿಮಾಳ ಕೈ ನಿಂತಿತ್ತು. "ನಾ ಯಾರ ಮದಿವ್ಯಾಗೂ ಕುಣಿದಿಲ್ಲವ್ವಾ," ಎಂದಳು, ದೂರಿನಂತಲ್ಲ, ಎಣಿಸಿ ನೋಡಿದವಳ ಹಾಗೆ. "ಒಬ್ಬರ ಮದಿವ್ಯಾಗೂ ಇಲ್ಲ."

"ಹೌದ."

"ಚವಳಿಕಾಯಿಗೆ?"

"ಹೌದ."

ಯಲ್ಲವ್ವ ಸೊಸೆಯನ್ನೊಮ್ಮೆ, ಮೊಮ್ಮಗಳನ್ನೊಮ್ಮೆ ನೋಡಿ, ಒಟ್ಟು ಮಾಡಿದ ತೊಟ್ಟುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಪೂರ್ಣಿಮಾ ಎದ್ದು ಹಿತ್ತಲಿಗೆ ಹೋದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಬಹಳ ಹೊತ್ತು ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನಿಗೆ ಈಗ ಏನು ಕೇಳಿಸುತ್ತಿದೆಯೋ ಎಂದು ವಿದ್ಯಾವತಿ ಒಂದು ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಮುರಿಯದೆ ಕೂತಳು. ಆಮೇಲೆ, "ಟೀಚರ್, ನಾ ಪೂರ್ಣಿಮಾ," ಎಂಬುದು ಕೇಳಿಸಿತು. ಅದರ ಹಿಂದೆಯೇ ಏನೇನೋ ಮೆಲ್ಲಗೆ, ಒಮ್ಮೆ ಮೂಗು ಒರೆಸಿಕೊಂಡದ್ದು, ಒಮ್ಮೆ ನಕ್ಕದ್ದು, ಮತ್ತೆ ಮೂಗು. ಅವಳು ಫೋನು ಹಿಡಿದುಕೊಂಡೇ ಒಳಗೆ ಬಂದಳು, ಕಣ್ಣು ಕೆಂಪಾಗಿತ್ತು, ತಾಯಿಯ ಕಡೆ ನೋಡಲಿಲ್ಲ. ಸ್ಪೀಕರ್ ಹಾಕಿ ಉಪ್ಪಿನ ಡಬ್ಬಿಗೆ ಒರಗಿಸಿಟ್ಟಳು. "ಬಾರಸ್ತಾರಂತ. ಕೇಳಿ ಹೇಳಂತ."

ಫೋನಿನೊಳಗಿನ ಸಣ್ಣ ಪಿಯಾನೊ ಮೆಟ್ಟಿಲು ಇಳಿಯಿತು. ಪೂರ್ಣಿಮಾ ಹೊಸ್ತಿಲ ಮೇಲೆ ಕೂತಿದ್ದಳು. ಅವಳ ಬೆರಳು ಮೊಣಕಾಲಿನ ಮೇಲೆ, ಯಾರೂ ನೋಡುತ್ತಿಲ್ಲವೆಂಬಂತೆ, ಒಂದೊಂದೇ ಇಳಿಯುತ್ತಿದ್ದವು, ಒಂದೂ ತಪ್ಪದೆ. ನಡುವಿನಲ್ಲಿ ಸಂಗೀತ ನಿಂತಿತು. ಬೆರಳೂ ನಿಂತವು. ಒಲೆಯ ಮೇಲಿನ ಬೇಳೆಯ ಕುದಿ ಕೇಳಿಸಿತು. ಆಮೇಲೆ ಎರಡೂ ಕೈ ಬಿದ್ದ ಕ್ಷಣಕ್ಕೆ ಸರಿಯಾಗಿ, ಗೋಡೆಗೆ ಒರಗಿ ಕೂತಿದ್ದ ಯಲ್ಲವ್ವ ಯಾರೂ ಹೇಳದೆ ತಮ್ಮ ಮುಷ್ಟಿಯ ತೊಟ್ಟುಗಳನ್ನೆಲ್ಲ ಮೊಮ್ಮಗಳ ತಲೆಯ ಮೇಲೆ ಎಸೆದರು.

"ಈಗಲ್ಲೇನ?" ಎಂದು ಕೇಳಿದರು.

ಪೂರ್ಣಿಮಾ ತೊಟ್ಟುಗಳನ್ನು ಕೊಡವಲಿಲ್ಲ. ಫೋನಿನಲ್ಲಿ ಪಿಯಾನೊ ಇನ್ನೂ ನಡೆದಿತ್ತು. ಅವಳು ತಿರುಗಿ ತಾಯಿಯ ಕೈ ನೋಡಿದಳು, ಅದರಲ್ಲಿನ ಮುರಿಯದ ಕಾಯಿ ನೋಡಿದಳು. ಮುಖ ಇನ್ನೂ ಬಿಗಿದುಕೊಂಡೇ ಇತ್ತು.

"ಯಾಕ ನಿಂತಿ?" ಎಂದಳು. "ಮುರಿ."

ಚಟ್.